ಕೊನೆಯ ಬೆಂಚಿನ ಕ್ರಿಯಾಪದ

ಸಂಜೆಯ ಸ್ಪ್ಯಾನಿಷ್ ತರಗತಿಯ ಬಾಗಿಲನ್ನು ದಢಾರನೆ ತಳ್ಳಿಕೊಂಡು ನಾದಿನಿ ಒಳಗೆ ಬಂದಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಉರಿಯದೆ ಏನು! ಹೋಟೆಲಿನ ಲಾಂಡ್ರಿಯಲ್ಲಿ ಚಾದರ ಮಡಚಿ ಮಡಚಿ ಸೊಂಟ ಬಿದ್ದುಹೋದವಳು, ರಿಸೆಪ್ಷನ್ ಕೆಲಸಕ್ಕೆಂದು ವರ್ಷವಿಡೀ ಈ ಭಾಷೆಗೆ ನಾಲಿಗೆ ಸವೆಸಿದ್ದಳು. ಕಲಿಸುವವಳು ಬೇರೆ ಯಾರೂ ಅಲ್ಲ, ಸ್ವಂತ ಅಣ್ಣನ ಹೆಂಡತಿ.

ಅತ್ತಿಗೆಯ ಪದ್ಧತಿಯೇ ಬೇರೆ. ‘ಹೋಗು’ ಎಂಬುದು ಸ್ಪ್ಯಾನಿಷಿನಲ್ಲಿ ಊಸರವಳ್ಳಿಯಂಥ ಕ್ರಿಯಾಪದ, ಕಾಲಕ್ಕೊಂದು ಬಣ್ಣ. ಅದನ್ನವಳು ಬೆಂಚುಗಳಿಗೆ ಹಂಚಿಬಿಟ್ಟಿದ್ದಳು. ಮೊದಲ ಬೆಂಚಿಗೆ ‘ನಾನು’: ವೊಯ್, ಫುಯಿ, ಇರೆ, ಅಂದರೆ ಹೋಗುತ್ತೇನೆ, ಹೋದೆ, ಹೋಗುವೆ. ನಡುವಿನದಕ್ಕೆ ‘ನೀನು’. ನಾದಿನಿ ಕೂರುವ ಕೊನೆಯದಕ್ಕೆ ‘ಅವಳು’: ವಾ, ಫುಯೆ, ಇರಾ, ಹೋಗಲಿ ಎನ್ನಲು ವಾಯಾ. ಎಲ್ಲರೂ ಸೇರಿ ತಂತಮ್ಮ ಬೆಂಚಿನದನ್ನು ಕೂಗಿದರೆ ಕೇಳುವವರಿಗೆ ಖುಷಿಯೋ ಖುಷಿ. ಪಕ್ಕದ ಬೆಂಚಿನದು ಕಿವಿಗೆ ಬಿದ್ದರೂ ನಾಲಿಗೆಗೆ ಹತ್ತುತ್ತಿರಲಿಲ್ಲ.

ಇವತ್ತು ಮಧ್ಯಾಹ್ನ ರಿಸೆಪ್ಷನ್ ಕೆಲಸದ ಸಂದರ್ಶನದಲ್ಲಿ ಹೋಟೆಲಿನ ಮ್ಯಾನೇಜರು, ನಿನ್ನೆ ಎಲ್ಲಿಗೆ ಹೋಗಿದ್ದಿರಿ ಎಂದು ಸ್ಪ್ಯಾನಿಷಿನಲ್ಲಿ ಕೇಳಿದ. ಮಾರುಕಟ್ಟೆಗೆ ಹೋದಳು, ಎಂದಳು ನಾದಿನಿ, ಗಟ್ಟಿಯಾಗಿ. ಯಾರು? ಹೋದಳು. ಅವನು ಬಿದ್ದುಬಿದ್ದು ನಕ್ಕ. ಕೆಲಸ ಮೊದಲ ಬೆಂಚಿನವಳಿಗೆ ಸಿಕ್ಕಿತು. ಆಕೆ ಅತ್ತಿಗೆಯ ತಂಗಿ! ಇನ್ನೊಂದು ಜಾಗವಿದೆ, ನಾಡಿದ್ದು ಮತ್ತೆ ಬನ್ನಿ ಎಂದನಲ್ಲ, ಅಷ್ಟೇ ಪುಣ್ಯ.

“ನಿಮ್ಮ ತಂಗಿಗೆ ‘ನಾನು’, ನನಗೆ ‘ಅವಳು’! ಚೆನ್ನಾಗಿ ಹಂಚಿದ್ರಿ ಅತ್ತಿಗೆ!”

“ನಾನೇನು ಮಾಡ್ಲಿ? ದಿನಾ ತಡವಾಗಿ ಬರ್ತೀಯ, ಕೊನೇ ಬೆಂಚಲ್ಲಿ ಕೂರ್ತೀಯ.”

“ಯಾಕೆ ತಡ ಆಗುತ್ತೆ? ನಿಮ್ಮನೆ ಪಾತ್ರೆ ತಿಕ್ಕಿ, ನಿಮ್ಮ ಮಗೂಗೆ ಊಟ ಮಾಡಿಸಿ ಬರಬೇಕಲ್ಲ! ಫೀಸ್ ಬೇಡ, ಮನೆಯವಳಲ್ವಾ ಅಂದ್ರಿ. ಆ ಬೆಣ್ಣೆ ಮಾತಿಗೆ ಮರುಳಾದೆ ನೋಡಿ, ನನಗೆ ಬುದ್ಧಿ ಇಲ್ಲ!”

ನಾದಿನಿ ಹೋಗಿ ಮೊದಲ ಬೆಂಚಿನಲ್ಲಿ ಧೊಪ್ಪನೆ ಕೂತಳು.

“ಇವತ್ತು ನಾನೊಬ್ಬಳೇ ಹೇಳ್ತೀನಿ. ತಪ್ಪಿದ್ರೆ ತಿದ್ದಿ.”

ಹೋಗುತ್ತೇನೆ, ಹೋದೆ, ಹೋಗುತ್ತಿದ್ದೆ, ಹೋಗುವೆ, ಹೋದೇನು. ತಡವರಿಸಿದಳು, ತಪ್ಪಿದಳು, ಹಲ್ಲು ಕಚ್ಚಿ ಮತ್ತೆ ಮೊದಲಿನಿಂದ ಹಿಡಿದಳು. ಅತ್ತಿಗೆ ಮುಖ ಗಂಟಿಕ್ಕಿಕೊಂಡೇ ತಿದ್ದಿದಳು. ಅಷ್ಟು ಜನರ ಎದುರು ತಿದ್ದದೆ ಇರುವ ಹಾಗಿರಲಿಲ್ಲ.

ಪಾಠ ಮುಗಿದು ಎಲ್ಲರೂ ಎದ್ದುಹೋದ ಮೇಲೆ ಅತ್ತಿಗೆ ದನಿ ತಗ್ಗಿಸಿದಳು. “ಕೋಪ ಇಳೀತಾ? ನಾಳೆ ಮನೆಗೆ ನೆಂಟರು ಬರ್ತಾರೆ. ಸ್ವಲ್ಪ ಬೇಗ ಬಂದ್ಬಿಡಮ್ಮ.”

ನಾದಿನಿ ಚೀಲ ಹೆಗಲಿಗೇರಿಸಿದಳು.

“ನೋ ವೊಯ್,” ಎಂದಳು.

ನಾನು ಹೋಗುವುದಿಲ್ಲ, ಅಂದರೆ ಬರುವುದಿಲ್ಲ. ಅತ್ತಿಗೆಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.