ಹಾವಗೆಪ್ಪ ಪಾಟೀಲರ ಮನೆಯಲ್ಲಿ ಕುದುರೆ ಇಲ್ಲ

"ಕುದ್ರಿ? ನಮ್ಮ ಮನ್ಯಾಗ ಕುದ್ರಿ ಎಲ್ಲಿಂದ ಬರಬೇಕ್ರಿ ಸಾಹೇಬ್ರ?" ಎಂದು ಹಾವಗೆಪ್ಪ ಪಾಟೀಲರು ಎದೆಯ ಮೇಲೆ ಕೈಯಿಟ್ಟು ಹೇಳುವುದಕ್ಕೂ, ವಾಡೆಯ ಹಿಂದಿನಿಂದ ಏನೋ ಒಂದು ಊರೆಲ್ಲ ಕೇಳುವಂತೆ ಕೆನೆಯುವುದಕ್ಕೂ ಸರಿಹೋಯಿತು.

ಮನೆಯಲ್ಲಿ ಕುದುರೆ ಎಷ್ಟಿವೆ ಎಂದು ಕೇಳಲು ಬಂದಿದ್ದ ದತ್ತಾತ್ರಿ ತಲೆಯೆತ್ತಿ ಆ ಕಡೆ ನೋಡಿದ. ಅವನ ಕೈಯಲ್ಲಿ ಲಗಾಮು ಕೊಟ್ಟು ನಿಂತಿದ್ದ ಒಕ್ಕಣ್ಣಿನ ಹೆಣ್ಣುಕುದುರೆ ಚಾಂದನಿ ಕಿವಿ ನಿಮಿರಿಸಿತು.

"ಮತ್ತ ಅದೇನ್ರಿ ಪಾಟೀಲ್ರೆ?"

"ಅದಾ? ಅದು ನಮ್ಮ ಅವ್ವರಿ. ಆಕಿಗಿ ಕೆಮ್ಮು ಅದ. ಥಂಡಿ ದಿನದಾಗ ಹತ್ತಿದ್ದು ಬಿಟ್ಟೇ ಇಲ್ಲ."

ಪಾಟೀಲರ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಹೆತ್ತ ತಾಯಿಯನ್ನೇ ಕುದುರೆ ಮಾಡಿ ನಿಲ್ಲಿಸಿದವರ ಜೊತೆ ವಾದ ಮಾಡುವುದಾದರೂ ಹೇಗೆ? "ಲಗೂನ ಆರಾಮ ಆಗ್ಲಿ ಬಿಡ್ರಿ" ಎಂದು ಹೇಳಿ ದತ್ತಾತ್ರಿ ಮುಂದಿನ ಊರಿನ ದಾರಿ ಹಿಡಿದ.

ಮುಂದಿನ ಊರಿನಲ್ಲೂ ಕುದುರೆ ಇರಲಿಲ್ಲ. ಅದರಾಚೆಯ ಊರಿನಲ್ಲಿ ಬಟ್ಟೆ ವ್ಯಾಪಾರಿ ವೈಜಿನಾಥ ಸೇಠರ ಅಂಗಳದಲ್ಲಿ ಎಣ್ಣೆ ಹಚ್ಚಿದ ಜೀನು ಒಣಗುತ್ತಿತ್ತು. ಅದು ಹುಡುಗರು ಆಡುವುದಕ್ಕೆ ಇಟ್ಟದ್ದು ಎಂದರು ಸೇಠರು. ಔರಾದ ತಾಲೂಕಿನ ಅರ್ಧ ಸುತ್ತಿದರೂ ದತ್ತಾತ್ರಿಯ ಕಣ್ಣಿಗೆ ಬಿದ್ದದ್ದು ಬರೀ ಲದ್ದಿ ಮತ್ತು ಮಣ್ಣಿನಲ್ಲಿ ಮೂಡಿದ ಲಾಳದ ಗುರುತು. ಕುದುರೆ ಒಂದೂ ಇಲ್ಲ.

ಅವನು ಕಮಲನಗರದ ಜಾಗೀರದಾರರ ತಬೇಲಾದಲ್ಲಿ ಕುದುರೆ ನೋಡಿಕೊಂಡೇ ದೊಡ್ಡವನಾದವನು. ನಿಜಾಮನ ಮೇಲೆ ಪೋಲೀಸ್ ಆ್ಯಕ್ಷನ್ ಆಯಿತು, ಮರುವರ್ಷ ಜಾಗೀರೂ ಹೋಯಿತು. ಜಾಗೀರದಾರರು ಒಳ್ಳೆಯ ಕುದುರೆಗಳನ್ನೆಲ್ಲ ಮಾರಿ, ಯಾರಿಗೂ ಬೇಡವಾದ ಚಾಂದನಿಯನ್ನು ದತ್ತಾತ್ರಿಗೆ ಬಿಟ್ಟು ಹೈದರಾಬಾದಿಗೆ ಹೊರಟುಹೋದರು. ಸ್ಟೇಶನ್ನಿನ ಹಿಂದಿದ್ದ ತಬೇಲಾ ಸರಕಾರದ್ದಾಯಿತು. ಔರಾದಿನ ತಹಸೀಲ ಕಚೇರಿಯವರು ಅದನ್ನು ಗುತ್ತಿಗೆಗೆ ಕೊಡುತ್ತಾರಂತೆ ಎಂಬ ಸುದ್ದಿ ಕಿವಿಗೆ ಬಿದ್ದಂದಿನಿಂದ ದತ್ತಾತ್ರಿಗೆ ಊಟ ಸೇರುತ್ತಿರಲಿಲ್ಲ.

ಅವನ ವಿಚಾರ ಸರಳವಾಗಿತ್ತು. ಔರಾದ ಕಡೆಗೆ ರೈಲಿಲ್ಲ. ಭಾಲ್ಕಿಗೆ ವ್ಯಾಪಾರಕ್ಕೆ, ಬೀದರಿಗೆ ಕೋರ್ಟಿಗೆ, ಹೈದರಾಬಾದಿಗೆ ದವಾಖಾನೆಗೆ ಹೋಗುವ ಉಳ್ಳವರೆಲ್ಲ ಕುದುರೆ ಏರಿ ಕಮಲನಗರಕ್ಕೆ ಬಂದು ರೈಲು ಹತ್ತಬೇಕು. ಅವರು ಹತ್ತಿದ ಮೇಲೆ ಕುದುರೆಯ ಗತಿ? ಒಡೆಯ ಮರಳಿ ಬರುವತನಕ ಅದನ್ನು ಕಟ್ಟಿ, ಮೇವು ನೀರು ಹಾಕಿ, ಮೈ ತಿಕ್ಕಿ ಇಡುವವರು ಯಾರಾದರೂ ಬೇಕಲ್ಲ!

ಹೆಂಡತಿ ಅಂಜನಾಬಾಯಿಗೆ ಈ ವಿಚಾರ ಅಷ್ಟು ಸರಳವಾಗಿ ಕಾಣಲಿಲ್ಲ. ಗುತ್ತಿಗೆ ಹಿಡಿಯಬೇಕಾದರೆ ಅವಳ ಕುರಿ ಮಾರಬೇಕು. ತವರಿನಿಂದ ತಂದ ಒಂದು ಜೋಡಿ ಮರಿಯಿಂದ ಮಂದೆ ಬೆಳೆಸಿದವಳು ಅವಳು.

"ಕುದ್ರಿ ಬಿಡೋ ಮಂದಿ ಖರೇನೇ ಇದ್ದಾರಂತ ತೋರಸ್ರಿ, ನಾನೇ ಕುರಿ ಹೊಡ್ಕೊಂಡು ಸಂತಿಗಿ ಹೋಗ್ತೇನಿ" ಎಂದಿದ್ದಳು. "ಇಲ್ಲಾಂದ್ರ ಈ ಒಕ್ಕಣ್ಣಿನಾಕಿಗಿ ಬೀದರದ ಮುನೀರೋದ್ದೀನ ಭಾಯಿಗಿ ಕೊಟ್ಟುಬಿಡ್ರಿ. ಟಾಂಗಾಕ್ಕರ ಬರ್ತದ. ಕೂತು ತಿನ್ನೋ ಕುದ್ರಿಗಿ ನಾ ಎಲ್ಲಿಂದ ಮೇವು ತರ್ಲಿ?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಆದರೆ ಚಾಂದನಿ ಬೀದರದ ಕಲ್ಲುಹಾಸಿನ ಮೇಲೆ ಟಾಂಗಾ ಎಳೆಯುವುದನ್ನು ನೆನೆಯಲೂ ದತ್ತಾತ್ರಿಗೆ ಆಗುತ್ತಿರಲಿಲ್ಲ. ಅದಕ್ಕೇ ಊರೂರು ತಿರುಗಿ ಕೇಳಿಬರಲು ಹೊರಟಿದ್ದ. ನಾಲ್ಕು ಜನ ಮರ್ಯಾದೆ ಕೊಡಲಿ ಎಂದು ಭಾಲ್ಕಿಯ ಸಂತೆಯಲ್ಲಿ ಮಿಲಿಟರಿಯವರದ್ದೊಂದು ಹಳೆಯ ಖಾಕಿ ಕೋಟು ಕೊಂಡು ತೊಟ್ಟಿದ್ದ.

ಎಡವಟ್ಟಾದದ್ದು ಆ ಕೋಟಿನಿಂದಲೇ. ಜೋಳಕ್ಕೆ ಲೆವಿ ಹಾಕಿ, ಬೆಳೆದದ್ದರಲ್ಲಿ ಕಡ್ಡಾಯವಾಗಿ ಪಾಲು ಎತ್ತಲು ಸರಕಾರ ಮನೆಮನೆಯ ಕಾಳಿನ ಹಗೇವಿನಲ್ಲಿ ಇಣುಕುತ್ತಿದ್ದ ದಿನಗಳವು. ಸ್ವಲ್ಪ ದಿನದ ಹಿಂದೆ ಜನಗಣತಿಯವರು ಬಂದು ಮುದುಕರು ಕೂಸುಗಳನ್ನೆಲ್ಲ ಎಣಿಸಿಕೊಂಡು ಹೋಗಿದ್ದರು. ರಜಾಕಾರರ ಗಲಾಟೆಯಲ್ಲಿ ಕುದುರೆ ಕಳೆದುಕೊಂಡವರು ಅದನ್ನಿನ್ನೂ ಮರೆತಿರಲಿಲ್ಲ. ಅಂಥದರಲ್ಲಿ ಖಾಕಿ ತೊಟ್ಟವನೊಬ್ಬ ಬಾಗಿಲಿಗೆ ಬಂದು, ಕುದುರೆ ಎಷ್ಟು, ವಯಸ್ಸೆಷ್ಟು, ರೈಲಿಗೆ ಹೋಗುವಾಗ ಎಲ್ಲಿ ಬಿಡುತ್ತೀರಿ ಎಂದು ಕೇಳಿದರೆ ಯಾವ ಪುಣ್ಯಾತ್ಮ ನಿಜ ಹೇಳಿಯಾನು? ಇದು ಬೇರೆ ಯಾರಿಗಾದರೂ ಹೊಳೆಯುತ್ತಿತ್ತು, ದತ್ತಾತ್ರಿಗೆ ಹೊಳೆಯಲಿಲ್ಲ.

"ಈ ಮುಲಕದಾಗ ಕುದ್ರಿನೇ ಇಲ್ಲ" ಎಂದು ಮನೆಗೆ ಬಂದು ಕೋಟು ಬಿಚ್ಚಿ ಒಗೆದ. ಮುನೀರೋದ್ದೀನನಿಗೆ ಹೇಳಿಕಳಿಸಿದ್ದೂ ಆಯಿತು.

ಅಂಜನಾಬಾಯಿಗೆ ಬೇರೆಯೇ ಚಿಂತೆ ಹತ್ತಿತು. ಅವಳ ತಮ್ಮ ಮಚ್ಛೇಂದ್ರನ ಮದುವೆ ಬಂದಿತ್ತು. ತಾಯಿಯಿಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ದಿಬ್ಬಣ ಇವರ ಮನೆಯಿಂದಲೇ ಹೊರಡಬೇಕು. ಹೆಣ್ಣಿನವರು ಅದೇ ಕಮಲನಗರದವರು, ಮಾತಿಗೆ ಗಟ್ಟಿಗರು.

"ಕುದ್ರಿ ಇಲ್ಲಾಂದ್ರ ನನ್ನ ತಮ್ಮ ನಡಕೋತ ಹೋಗ್ಬೇಕೇನ್ರಿ? ಒಕ್ಕಣ್ಣಿನ ಕುದ್ರಿ ಮ್ಯಾಲ ಕೂಡ್ಸಿದ್ರ ಬೀಗ್ರು ನಗಲ್ಲೇನ್ರಿ?"

ಅವಳು ಸಂತೆಗೆ ಬಂದ ಹೆಂಗಸರನ್ನೆಲ್ಲ ಹಿಡಿದಳು. ತಮ್ಮನ ಲಗ್ನ, ವರನ ಮೆರವಣಿಗೆಗೆ ಕುದುರೆ ಬೇಕು, ದೊಡ್ಡ ಮನಸ್ಸು ಮಾಡಬೇಕು ಎಂದು ಅವರ ಕೈಯಲ್ಲಿ ಊರೂರಿಗೆ ಎಲೆಯಡಿಕೆ ಕಳಿಸಿದಳು. ಒಬ್ಬರನ್ನೇ ನೆಚ್ಚಿದರೆ ಕೈಕೊಟ್ಟಾರು ಎಂದು ಯಾವ ದೊಡ್ಡ ಮನೆಯನ್ನೂ ಬಿಡಲಿಲ್ಲ. ಎಲ್ಲಿಂದಲೂ ಹೌದು ಎಂದೂ ಉತ್ತರ ಬರಲಿಲ್ಲ, ಇಲ್ಲ ಎಂದೂ ಬರಲಿಲ್ಲ.

ಮದುವೆಯ ಬೆಳಿಗ್ಗೆ ಮೊದಲು ಬಂದವನು ಮುನೀರೋದ್ದೀನ. ಊಟ ಮುಗಿದ ಮೇಲೆ ಚಾಂದನಿಯನ್ನು ಕರೆದೊಯ್ಯಲು ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು ಬಂದಿದ್ದ. ದತ್ತಾತ್ರಿ ಅವನಿಗೆ ಚಹಾ ಕೊಟ್ಟ, ಆ ಹಗ್ಗದ ಕಡೆ ಮಾತ್ರ ನೋಡಲಿಲ್ಲ.

ಅಷ್ಟರಲ್ಲಿ ಔರಾದ ದಾರಿಯಲ್ಲಿ ಧೂಳೆದ್ದಿತು. ಕೊರಳಿಗೆ ಗೆಜ್ಜೆ, ಹಣೆಗೆ ಕೆಂಪು ಗೊಂಡೆ ಕಟ್ಟಿಸಿಕೊಂಡ ಕಂದು ಬಣ್ಣದ ಕುದುರೆಯ ಮೇಲೆ ಹಾವಗೆಪ್ಪ ಪಾಟೀಲರು ಬಂದಿಳಿದರು. ಅವರ ಹಿಂದೆಯೇ, ಆ ಆಟದ ಜೀನಿನ ಮೇಲೆ ಕೂತು, ವೈಜಿನಾಥ ಸೇಠರು. ಆಮೇಲೆ ಬಿಳಿಯದು, ಕಪ್ಪು, ಚುಕ್ಕೆಯದು, ಒದೆಯುವುದು, ಕಚ್ಚುವುದು. ವರನಿಗೆ ಕುದುರೆ ಕೇಳಿ ಎಲೆಯಡಿಕೆ ಬಂದರೆ ಆ ಕಡೆ ಯಾರೂ ಇಲ್ಲ ಎನ್ನುವುದಿಲ್ಲ. ಇಲ್ಲ ಎಂದರೆ ತಮ್ಮ ಮನೆಯ ಮದುವೆಗೆ ವಿಘ್ನ ಎಂದು ಅವರ ನಂಬಿಕೆ. ಲೆವಿಗೆ ಹೆದರಿ ಅಡಗಿದ್ದ ಕುದುರೆಗಳೆಲ್ಲ ಹೀಗೆ ಮಚ್ಛೇಂದ್ರನ ಮದುವೆಗೆ ಹೊರಬಿದ್ದವು.

ಓಣಿಯಲ್ಲಿ ಕಾಲಿಡಲು ಜಾಗವಿಲ್ಲದಾಯಿತು. ಎರಡು ಕುದುರೆ ಹಂದರದ ಮಾವಿನೆಲೆ ತಿನ್ನತೊಡಗಿದವು. ಚಪ್ಪರದ ಗಂಡಸರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. ದತ್ತಾತ್ರಿ ಮಾತ್ರ ರುಮಾಲು ಬಿಗಿದು, ಸಿಕ್ಕಿದ ಲಗಾಮುಗಳನ್ನು ಹಿಡಿದು, ಬಾಗಿಲು ಎಂದೋ ಮುರಿದು ಬಿದ್ದಿದ್ದ ತಬೇಲಾದೊಳಕ್ಕೆ ನಡೆದ. ಒದೆಯುವುದನ್ನು ಮೂಲೆಗೆ, ಕಚ್ಚುವುದನ್ನು ಬೇರೆ, ಗಂಡುಕುದುರೆಯನ್ನು ಹೆಣ್ಣಿನಿಂದ ದೂರ ಕಟ್ಟಿದ. ನೀರಿಟ್ಟ, ಬೆವರು ಒರೆಸಿದ. ಎಷ್ಟೋ ದಿನಗಳಿಂದ ಬರೀ ಪಾರಿವಾಳಗಳಿದ್ದ ಆ ಜಾಗದಲ್ಲಿ ಮತ್ತೆ ಕುದುರೆಯ ಬೆವರಿನ ವಾಸನೆ ಎದ್ದಾಗ ಅವನ ಕಣ್ಣು ತುಂಬಿಬಂತು.

ಪಾಟೀಲರು ಅವನನ್ನೇ ನೋಡುತ್ತ ನಿಂತಿದ್ದರು.

"ನಿನಗ ಎಲ್ಲೋ ನೋಡೀನಲ್ಲೋ?"

"ಅವ್ವರ ಕೆಮ್ಮು ಕಡಿಮಿ ಆಗ್ಯದೇನ್ರಿ ಪಾಟೀಲ್ರೆ?"

ಪಾಟೀಲರ ಮುಖ ಮೊದಲು ಕೆಂಪಾಯಿತು. ಆಮೇಲೆ ತಲೆಯ ಪಟಗಾ ಜಾರುವಷ್ಟು ನಕ್ಕರು. "ಆ ಖಾಕಿ ಸಾಹೇಬ ನೀನೇನೋ! ಕುದ್ರಿಗಿ ಭೀ ಲೆವಿ ಬಂತು ಅಂತ ತಿಳ್ದು ಅವ್ವಗ ಕುದ್ರಿ ಮಾಡ್ದೆಲ್ಲೋ ಮಾರಾಯ! ಆಕಿ ಒಳಗ ಕುಂತು ಕೇಳ್ಸಿಕೊಂಡಾಳ. ಅವತ್ತಿಂದ ನನ್ನ ಸಂಗಟ ಮಾತೇ ಬಿಟ್ಟಾಳ."

ನಗು ಮುಗಿಯುವುದರೊಳಗೆ ಜಗಳ ಶುರುವಾಯಿತು. ವರ ಏರುವುದು ಯಾರ ಕುದುರೆ? ಪಾಟೀಲರ ಕುದುರೆ ಇರುವಾಗ ಬೇರೆಯವರದ್ದೇಕೆ ಎಂದು ಪಾಟೀಲರು. ಮೊದಲು ತಮಗೇ ಎಲೆಯಡಿಕೆ ಬಂದದ್ದು ಎಂದು ಸೇಠರು. ಬಾಸಿಂಗ ಕಟ್ಟಿಕೊಂಡ ಮಚ್ಛೇಂದ್ರ ಬಿಸಿಲಿನಲ್ಲಿ ಬೆವರುತ್ತ ನಿಂತ. ಮುಹೂರ್ತ ಹತ್ತಿರ ಬರುತ್ತಿತ್ತು.

ಅಂಜನಾಬಾಯಿ ಒಳಗಿನಿಂದ ಅರಿಷಿಣದ ಬಟ್ಟಲು ಹಿಡಿದು ಬಂದಳು. ಯಾರನ್ನೂ ಕೇಳದೆ ಚಾಂದನಿಯ ಹಣೆಗೆ ಅರಿಷಿಣ ಬಳಿದಳು, ಕುರುಡುಗಣ್ಣಿನ ಮೇಲೆ ಚೆಂಡುಹೂವಿನ ಮಾಲೆ ಇಳಿಬಿಟ್ಟಳು.

"ಯಾರ ಮನಸ್ಸೂ ನೋಯೋದು ಬ್ಯಾಡ್ರಿ. ನನ್ನ ತಮ್ಮ ನಮ್ಮ ಚಾಂದನಿ ಮ್ಯಾಲ ಕೂಡ್ತಾನ. ನೀವು ಕುದ್ರಿ ಏರಿ ಅವನ ಹಿಂದ ಬರ್ರಿ. ಬೀಗ್ರು ನೋಡ್ಲಿ, ಎಂಥ ಮಂದಿ ಬಂದಾರಂತ!"

ಅಂಥ ದಿಬ್ಬಣವನ್ನು ಕಮಲನಗರ ಜಾಗೀರದಾರರ ಕಾಲದಲ್ಲೂ ನೋಡಿರಲಿಲ್ಲ. ಚಾಂದನಿ ಕತ್ತು ಕೊಂಕಿಸಿ, ಒಂದು ಹೆಜ್ಜೆಯೂ ತಪ್ಪದೆ ಮುಂದೆ ನಡೆಯಿತು. ಬೀಗರು ನಗುವುದಿರಲಿ, ಕೈ ಮುಗಿದು ಎದುರುಗೊಂಡರು.

ಊಟವಾಗಿ ಎಲೆ ಹಾಕಿಕೊಳ್ಳುವ ಹೊತ್ತಿಗೆ ಸಂಜೆಯ ರೈಲಿನ ಸಿಳ್ಳು ಕೇಳಿತು. ಪಾಟೀಲರು ಧಡಕ್ಕನೆ ಎದ್ದರು.

"ನಾಳಿ ಬೀದರ ಕೋರ್ಟಿನಾಗ ನಂದು ತಾರೀಖ ಅದ. ಹಿಂಗೇ ರೈಲಿಗಿ ಹೋಗ್ತೇನಿ. ಕುದ್ರಿ ಇಲ್ಲೇ ಇರ್ಲಿ ದತ್ತಾತ್ರಿ. ಹುಳ್ಳಿ ಕುದ್ಸಿ ಹಾಕು, ಹಸಿ ತಿನ್ನಲ್ಲ ಅದು."

"ನನಗ ಭೀ ಭಾಲ್ಕಿಗಿ ಮಾಲು ತರ್ಲಿಕ್ಕಿ ಹೋಗೋದದ" ಎಂದು ಸೇಠರೂ ಲಗಾಮನ್ನು ಅವನ ಕೈಗೆ ತುರುಕಿದರು. ಇಟ್ಟುಕೊಳ್ಳುತ್ತೀಯಾ ಎಂದು ಯಾರೂ ಕೇಳಲಿಲ್ಲ. ರೈಲಿಗೆ ಓಡುವವರ ಲಗಾಮುಗಳೆಲ್ಲ ಒಂದೊಂದಾಗಿ ದತ್ತಾತ್ರಿಯ ಕೈ ಸೇರಿದವು.

ಮುನೀರೋದ್ದೀನ ಚಾಂದನಿಯ ಅರಿಷಿಣದ ಹಣೆಯನ್ನು ನೋಡಿದ. ಹೆಗಲ ಹಗ್ಗ ತೆಗೆದು ಅಂಜನಾಬಾಯಿಯ ಮುಂದಿಟ್ಟ.

"ವರನಿಗಿ ಹೊತ್ತ ಕುದ್ರಿಗಿ ನಾ ಟಾಂಗಾ ಕಟ್ಲೇನು ಭಾಭಿ? ಈ ಹಗ್ಗ ನಿಮ್ಮ ಬಲ್ಲೇ ಇರ್ಲಿ, ಇಷ್ಟು ಕುದ್ರಿಗಿ ಹಗ್ಗ ಕಡಿಮಿ ಬೀಳ್ತಾವ" ಎಂದವನೇ ತಾನೂ ಸ್ಟೇಶನ್ನಿನ ಕಡೆ ಓಡಿದ.

ಅಂಜನಾಬಾಯಿ ಹಟ್ಟಿಯಲ್ಲಿ ಮೆಲುಕು ಹಾಕುತ್ತಿದ್ದ ಕುರಿಗಳ ಕಡೆಗೊಮ್ಮೆ ನೋಡಿದಳು. ಆಮೇಲೆ ಮದುವೆಯ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಂದರದಿಂದ ಕಿತ್ತ ಗೂಟವೊಂದನ್ನು ತಬೇಲಾದ ನೆಲಕ್ಕಿಟ್ಟು, ಗುಂಡುಕಲ್ಲಿನಿಂದ ಬಡಿಯತೊಡಗಿದಳು.

"ಬರೋ ಸ್ವಾಮಾರ ನಾ ಕುರಿ ಹೊಡ್ಕೊಂಡು ಸಂತಿಗಿ ಹೋಗ್ತೇನಿ, ನೀವು ಗುತ್ತಿಗಿ ಹಿಡೀಲಿಕ್ಕಿ ಔರಾದಕ್ಕ ಹೋಗ್ರಿ" ಎಂದಳು, ತಲೆಯೆತ್ತದೆ. "ಆ ಕೋಟ್ ಮಾತ್ರ ಹಾಕ್ಕೊಂಡು ಹೋಗಬ್ಯಾಡ್ರಿ."

ದತ್ತಾತ್ರಿ ಆ ಗೂಟಕ್ಕೆ ಮುನೀರೋದ್ದೀನನ ಹಗ್ಗದಿಂದ ಪಾಟೀಲರ ಕುದುರೆಯನ್ನು ಕಟ್ಟಿದ. ಮದುವೆಯ ಅನ್ನ ಬಸಿದ ಹಂಡೆಯಲ್ಲೇ ಹುರುಳಿ ಕುದಿಯಲು ಇಟ್ಟ. ರೈಲು ಹೊರಟ ಸದ್ದಿಗೆ ಪಾಟೀಲರ ಕುದುರೆ ಕತ್ತೆತ್ತಿ ಕೆನೆಯಿತು. ಸಾಲಿನ ಆಚೆ ತುದಿಯಿಂದ, ಹಣೆಯ ಅರಿಷಿಣ ಇನ್ನೂ ಹಸಿಯಾಗಿದ್ದ ಚಾಂದನಿ ಅದಕ್ಕೆ ಓಗೊಟ್ಟಿತು.