ಪೈಪ್ ಹಾಕಿ ನೋಡು

ಅಮರಮ್ಮನ ಟಂಟಂ ಆಟೊ ಹೊಗೆ ಉಗುಳುತ್ತದೆ, ಮಕ್ಕಳು ಕೆಮ್ಮುತ್ತಾರೆ ಎಂದು ಶಾಲೆಗೆ ಚಾಡಿ ಹೇಳಿದವನು ನಿಂಗರಾಜ. ಮಾನ್ವಿಯಿಂದ ಬಂದು ದೇವದುರ್ಗದಲ್ಲಿ ಟಂಟಂ ಹೊಡೆಯುವವನು. ಶಾಲೆಯ ಮಕ್ಕಳನ್ನು ಒಯ್ಯುವ ಅವಳ ಬಾಡಿಗೆಯ ಮೇಲೆ ಅವನ ಕಣ್ಣು ಬಿದ್ದು ವರ್ಷವಾಗಿತ್ತು. ಮುಖ್ಯೋಪಾಧ್ಯಾಯಿನಿ ಹಸೀನಾ ಬೇಗಂ ಖಡಾಖಂಡಿತವಾಗಿ ಹೇಳಿಬಿಟ್ಟರು.

"ನಾಳಿ ಸಂಜಿ ಶಾಲಿ ಬಿಡೂದ್ರೊಳಗ ಹೊಗಿ ತಪಾಸಣಿ ಚೀಟಿ ತಂದು ತೋರಿಸು. ಅಲ್ಲಿತನ ಹುಡುಗ್ರನ್ನ ಹತ್ತಿಸಬ್ಯಾಡ. ತರಲಿಲ್ಲಂದ್ರ ಬಾಡಿಗಿ ನಿಂಗರಾಜಗ ಹೋಗ್ತದ."

ಆರು ವರ್ಷ ಒಂದು ದಿನ ತಪ್ಪದೆ ಮಕ್ಕಳನ್ನು ಮನೆಬಾಗಿಲಿಗೆ ಮುಟ್ಟಿಸಿದವಳಿಗೆ ಈ ಮಾತು! ಅಮರಮ್ಮನಿಗೆ ಮೈಯೆಲ್ಲ ಉರಿದುಹೋಯಿತು.

ಅವಳ ತವರಿನಲ್ಲಿ ಕಲ್ಲು ಎಳೆಯುವ ಎತ್ತುಗಳನ್ನು ಸಾಕುತ್ತಿದ್ದರು. ರಾಯಚೂರಿನ ಸ್ಪರ್ಧೆ ಬಂತೆಂದರೆ ಎತ್ತುಗಳ ಮೈತೊಳೆದು, ಎರಡು ದಿನ ನೊಗ ಮುಟ್ಟಿಸದೆ, ಲಾರಿಯಲ್ಲಿ ನಿಲ್ಲಿಸಿಕೊಂಡು ಒಯ್ಯುತ್ತಿದ್ದರು. ಕಣಕ್ಕಿಳಿಯುವ ಎತ್ತು ದಣಿದಿರಬಾರದು. ಪರೀಕ್ಷೆಯ ಬಗ್ಗೆ ಅವಳಿಗೆ ತಿಳಿದಿದ್ದದ್ದು ಇಷ್ಟೇ. ಹಾಗಾಗಿ ಮರುದಿನ ಟಂಟಂ ತೊಳೆದು, ಕುಂಕುಮ ಹಚ್ಚಿ, ಇಂಜಿನ್ ಚಾಲೂ ಮಾಡದೆ, ವಾರಗಿತ್ತಿ ಬೂದೆಮ್ಮನ ಜೊತೆ ತಪಾಸಣೆ ಕೇಂದ್ರದ ತನಕ ಅದನ್ನು ತಳ್ಳಿಕೊಂಡೇ ಹೋದಳು.

"ಗಾಡಿ ದಣೀಬಾರ್ದಂತ, ನಾವು ಸತ್ರೂ ಚಿಂತಿಲ್ಲಂತ," ಎಂದು ಬೂದೆಮ್ಮ ದಾರಿಯುದ್ದಕ್ಕೂ ಗೊಣಗಿದಳು.

ಕೇಂದ್ರ ನಡೆಸುವ ಗುರುಸಿದ್ದ ಕುರ್ಚಿ ಬಿಟ್ಟು ಏಳಲಿಲ್ಲ. ಕೂತಲ್ಲಿಂದಲೇ ನಂಬರ್ ಪ್ಲೇಟಿನ ಫೋಟೊ ಹೊಡೆದ.

"ಆತು ಬಿಡಕ್ಕಾ, ಚೀಟಿ ಬರ್ತದ."

"ಇಷ್ಟ ಏನು? ಅಲ್ಲಿ ಇಟ್ಟೀಯಲ್ಲ, ಆ ಹೊಗಿ ಅಳಿಯೋ ಪೈಪ್ ಹಾಕಂಗಿಲ್ಲೇನು?"

"ಯಾರಿಗೂ ಹಾಕಂಗಿಲ್ಲ. ನಿನಗ ಚೀಟಿ ಬೇಕು, ಕೊಡಾಕತ್ತೀನಿ. ತಗೊಂಡು ಹೋಗು."

"ಇಂಥಾ ಚೀಟಿ ನಿಂಗರಾಜನ ಹತ್ರನೂ ಅದ. ಪೈಪ್ ಹಾಕು."

ಹಿಂದೆ ಸಾಲು ನಿಂತ ಗಾಡಿಯವರು ಹಾರ್ನ್ ಒತ್ತತೊಡಗಿದರು. ಅಮರಮ್ಮ ಜಪ್ಪಯ್ಯ ಎಂದರೂ ಕದಲಲಿಲ್ಲ. ಕೊನೆಗೆ ಗುರುಸಿದ್ದ ಸಿಡುಕುತ್ತ ಎದ್ದು ಸೈಲೆನ್ಸರಿಗೆ ಪೈಪ್ ತೂರಿಸಿದ. ಅವಳು ಇಂಜಿನ್ ಚಾಲೂ ಮಾಡಿ, ಅವನು ಹೇಳಿದಂತೆ ಎಕ್ಸಿಲರೇಟರ್ ತಿರುವಿದಳು. ಕರ್ರನೆಯ ಹೊಗೆ ಎದ್ದಿತು. ಪರದೆಯ ಮೇಲೆ ಹೊಗೆಯ ಪ್ರಮಾಣ ಎಂಬತ್ತೊಂದು ಎಂದು ಬಂತು; ಅದು ಅರವತ್ತೈದು ದಾಟುವಂತಿರಲಿಲ್ಲ. ಯಂತ್ರದಿಂದ ಫೇಲ್ ಚೀಟಿ ಹೊರಬಿತ್ತು. ಸಾಲಿನಲ್ಲಿದ್ದವರು ಗೊಳ್ಳೆಂದು ನಕ್ಕರು.

ಆ ನಗೆಗೆ ಅವಳು ಸೊಪ್ಪು ಹಾಕುವವಳಲ್ಲ. ಆದರೆ ನಿಂಗರಾಜ ಹೇಳಿದ್ದೇ ನಿಜವೇ, ತನ್ನ ಗಾಡಿಯ ಹೊಗೆಗೇ ಆ ಕೂಸುಗಳು ಕೆಮ್ಮುತ್ತಿದ್ದವೇ ಎಂದು ಸೈಲೆನ್ಸರಿನ ಮುಂದೆ ಕುಕ್ಕರಿಸಿದಳು. ಕಣ್ಣೊರೆಸಿಕೊಂಡು ತಲೆ ಎತ್ತಿದರೆ ಗೋಡೆಯ ಮೇಲೆ ಧೂಳು ಹಿಡಿದ ಫಲಕ. ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದಿದಳು: "ತಪಾಸಣೆಗೆ ಮುನ್ನ ಇಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು."

"ಲೇ ತಮ್ಮ, ಇದನ್ನ ಮೊದ್ಲ ಯಾಕ ಹೇಳಲಿಲ್ಲೋ?"

"ಪೈಪ್ ಹಾಕ್ಸಾಕ ಯಾರು ಬರ್ತಾರಕ್ಕಾ, ಹೇಳಾಕ?"

ಅಮರಮ್ಮ ಬೂದೆಮ್ಮನನ್ನು ಕೂರಿಸಿಕೊಂಡು ಮಾನ್ವಿ ಕಡೆಯ ರಸ್ತೆ ಹಿಡಿದಳು. ಅರ್ಧ ತಾಸು ಓಡಿಸಿ, ಇಂಜಿನ್ ಕಾದ ಮೇಲೆ ತಿರುಗಿ ಬಂದು ಕೇಂದ್ರದ ಬಾಗಿಲಿಗೇ ಅಡ್ಡ ನಿಲ್ಲಿಸಿದಳು.

"ಇನ್ನೊಮ್ಮಿ ಹಾಕು. ಹಾಕೂತನ ಇಲ್ಲಿಂದ ಒಂದ್ ಗಾಡೀನೂ ದಾಟಂಗಿಲ್ಲ."

ಗುರುಸಿದ್ದ ದನಿ ತಗ್ಗಿಸಿದ. "ಎಕ್ಸಲೇಟರ್ ಅರ್ಧ ತಿರುವಕ್ಕಾ. ಕಮ್ಮಿ ತೋರಸ್ತದ."

ಅವಳು ಪೂರ್ತಿ ತಿರುವಿದಳು. ಒಂದಲ್ಲ, ನಾಲ್ಕು ಸಲ. ಕೇಂದ್ರದ ಮಾಡಿನ ತಗಡೆಲ್ಲ ನಡುಗಿತು. ಪರದೆಯ ಮೇಲೆ ನಲವತ್ತೇಳು ಬಂತು. ಈ ಸಲ ಸಾಲಿನಲ್ಲಿ ಯಾರೂ ನಗಲಿಲ್ಲ. ಗುರುಸಿದ್ದ ಹೊಸ ಚೀಟಿ ಕೊಟ್ಟು ಹಳೆಯದನ್ನು ಹರಿಯಲು ಹೋದ. ಅವಳು ಅದನ್ನೂ ಕಸಿದುಕೊಂಡಳು.

ಶಾಲೆಯ ಗೇಟಿನಲ್ಲಿ ನಿಂಗರಾಜ ಆಗಲೇ ಗಾಡಿ ತಂದು ನಿಲ್ಲಿಸಿದ್ದ. ಅಮರಮ್ಮ ಅಲ್ಲಿಯೇ ನಿಂತಿದ್ದ ಹಸೀನಾ ಬೇಗಂ ಅವರ ಕೈಗೆ ಎರಡೂ ಚೀಟಿ ಕೊಟ್ಟಳು.

"ಪಾಸಾಗಿದ್ದು ಸಾಕಿತ್ತಲ್ಲ," ಎಂದರು ಅವರು. "ಫೇಲಾದದ್ದು ಯಾಕ ತಂದಿ?"

"ಪಾಸ್ ಚೀಟಿ ಯಾರರ ತರ್ತಾರ್ರಿ ಮೇಡಮ್ಮಾರ. ಕುಂತಲ್ಲೇ ಫೋಟೊ ಹೊಡದು ಕೊಡ್ತಾರ. ಥಣ್ಣನ ಇಂಜಿನ್ ಒಯ್ದಿದ್ದು ನನ್ನ ತಪ್ಪು, ಫೇಲಾತು. ಪೈಪ್ ಹಾಕದ ಫೇಲ್ ಹೆಂಗಾಗ್ತದ? ನಂದು ಖರೇ ಅಂಬೋದಕ್ಕ ಈ ಫೇಲ್ ಚೀಟೀನೇ ಸಾಕ್ಷಿರಿ."

ಹಸೀನಾ ಬೇಗಂ ಚೀಟಿಗಳನ್ನು ಒಮ್ಮೆ ನೋಡಿ ನಿಂಗರಾಜನ ಕಡೆ ತಿರುಗಿದರು. "ನಿನ್ನ ಗಾಡಿಗೆ ಪೈಪ್ ಹಾಕಿದ್ರೇನೋ?"

ನಿಂಗರಾಜ ಕೆಮ್ಮಿದ.

ಅವನ ಉತ್ತರಕ್ಕೆ ಅಮರಮ್ಮ ಕಾಯಲಿಲ್ಲ. ಅಷ್ಟರಲ್ಲಿ ಗಂಟೆ ಹೊಡೆದು, ಮಕ್ಕಳು ನಿಂಗರಾಜನ ಗಾಡಿ ಹತ್ತತೊಡಗಿದ್ದರು. "ಇಳೀರಿ ಅದರಾಗಿಂದ, ಎಲ್ರೂ ಈ ಕಡಿ ಬರ್ರಿ," ಎಂದು ಮಕ್ಕಳನ್ನು ಕೂಗಿ ಕರೆದಳು.