ಎಚ್ಚೆತ್ತ ಕುರಿಗಾಹಿ

ಮೂವತ್ತೆರಡು ಮಣ್ಣಿನ ಗೊಂಬೆಗಳಿಗೆ ಒಂದೇ ಬೀಸಿನಲ್ಲಿ ಕಣ್ಣು ಬರೆದು, ಕ್ರಿಸ್‌ಮಸ್ಸಿನ ಗೋದಲಿಯ ಗುಡ್ಡದ ಮೇಲೆ ಜೋಡಿಸಿ, ಎರಡು ಹೆಜ್ಜೆ ಹಿಂದೆ ಸರಿದ ಸೊಸೆ ಥಟ್ಟನೆ ಮತ್ತೆ ಮುಂದೆ ಬಾಗಿದಳು. ಗುಡ್ಡದ ತುದಿಯಲ್ಲಿ ಮಲಗಿದ್ದ ಕುರಿಗಾಹಿ ಅವಳನ್ನೇ ಪಿಳಿಪಿಳಿ ನೋಡುತ್ತಿದ್ದ.

ಅವನು ನಿದ್ದೆ ಮಾಡಬೇಕಾದವನು. ಯೇಸುವಿನ ಹುಟ್ಟನ್ನು ತೋರುವ ಆ ಗೋದಲಿಯಲ್ಲಿ ಅರ್ಥವಿಲ್ಲದ ಕಲ್ಲೂ ಇಲ್ಲವೆಂದು ಮಾವ ಕಲಿಸಿದ್ದರು: ಮುರಿದ ಕಂಬವೆಂದರೆ ಮುಗಿದ ಕಾಲ, ಬಾವಿಯೆಂದರೆ ಭಯ, ಸೇತುವೆಯೆಂದರೆ ಸತ್ತವರು ಬಂದುಹೋಗುವ ದಾರಿ. ಮಗು, ತಾಯಿ, ಕತ್ತೆ, ನೀರು ಹೊರುವವಳು, ಎಲ್ಲರೂ ಆ ಕುರಿಗಾಹಿಯ ಕನಸು. ಅವನು ಎದ್ದರೆ ಎಲ್ಲವೂ ಮಾಯ. ನಲವತ್ತು ವರ್ಷ ಮಾವ ಅವನ ಹತ್ತಿರ ಗಟ್ಟಿಯಾಗಿ ಕೆಮ್ಮಿದವರೂ ಅಲ್ಲ.

ಅವರಿಗೆ ಲಕ್ವ ಹೊಡೆದ ಮೇಲೆ ಈ ವರ್ಷ ಕೆಲಸ ಅವಳ ಕೈಗೆ ಬಂದಿತ್ತು. ಇನ್ನರ್ಧ ಗಂಟೆಯಲ್ಲಿ ಗಾಲಿಕುರ್ಚಿಯಲ್ಲಿ ಬರುತ್ತಾರೆ. ಅವಳ ಕೆಲಸ ನೋಡಿ, ಗೋದಲಿ ಇನ್ನು ಮುಂದೆ ಅವಳದೋ ಮೈದುನನದೋ ಎಂದು ಹೇಳುತ್ತಾರೆ.

ಏಣಿ ಹತ್ತಿ ಅವನ ಮುಖವನ್ನು ಟರ್ಪೆಂಟೈನ್ ಬಟ್ಟೆಯಿಂದ ಉಜ್ಜಿದಳು. ಕೆನ್ನೆಯ ಬಣ್ಣ ಕಿತ್ತುಬಂತು, ಕಣ್ಣು ಹೋಗಲಿಲ್ಲ.

"ಏನತ್ತಿಗೆ, ಅವನಿಗೆ ಕಾಫಿ ಕುಡಿಸಿದ್ರಾ?" ಏಣಿ ಹಿಡಿದಿದ್ದ ಮೈದುನ ಕಿಸಕ್ಕೆಂದ.

"ಬಾಯ್ಮುಚ್ಕೊಂಡು ಏಣಿ ಹಿಡಿಯೋ. ಮುಖ ಆಚೆ ತಿರುಗಿಸ್ಬಿಡ್ತೀನಿ."

"ಅಪ್ಪನ ಕಣ್ಣಿಗೆ ಮಣ್ಣೆರಚ್ತೀರಾ? ಇರುವೆ ಕುಂಟಿದ್ರೂ ಹೇಳ್ತಾರೆ ಅವ್ರು."

ಅಷ್ಟರಲ್ಲಿ ಅವಳ ಗಂಡ ಕುರ್ಚಿ ತಳ್ಳಿಕೊಂಡು ಬಂದೇಬಿಟ್ಟ. ಮಾವ ಬಾವಿ ನೋಡಿದರು, ಸೇತುವೆ ನೋಡಿದರು. ದೃಷ್ಟಿ ಮೇಲೇರಿ ತುದಿಯಲ್ಲಿ ನಿಂತಿತು.

"ತಪ್ಪಾಯ್ತು ಮಾವ. ಸಾಲಾಗಿ ಬರೀತಿದ್ದೆ, ಅವನಿಗೂ ಬರೆದ್ಬಿಟ್ಟೆ."

ಮಾವ ತುಟಿಯಲ್ಲೇ ಗೊಂಬೆಗಳನ್ನು ಎಣಿಸತೊಡಗಿದರು. ಮುಗಿಯುವುದೇ ಇಲ್ಲವೇನೋ ಎನಿಸಿತು ಅವಳಿಗೆ.

"ಯಾರೂ ಹೋಗಿಲ್ವಲ್ಲೇ," ಎಂದು ತೊದಲಿದರು, ತಾವೇ ಬೆರಗಾದವರಂತೆ. "ಎದ್ದೋನ್ನ ಕುರಿ ಹತ್ರ ಇಡು, ಕಾಯ್ಲಿ. ಸಂಜೆಯೊಳಗೆ ಮಲಗೋಕೆ ಇನ್ನೊಬ್ಬನ್ನ ಮಾಡು. ಮುಂದಿನ ವರ್ಷ ಕಣ್ಣು ಬರೆಯುವಾಗ ಅವನನ್ನ ಸಾಲಲ್ಲಿ ಇಟ್ಕೋಬೇಡ."

'ಮುಂದಿನ ವರ್ಷ' ಕೇಳಿದ ಮೈದುನ ಏಣಿ ಬಿಟ್ಟು ಹೊರಗೆ ನಡೆದ.

"ಸಂಜೆವರೆಗೆ ಯಾರು ಮಲಗೋದು ಮಾವ?"

"ನಾನಿಲ್ವೇ?" ಎಂದು ಅವರು ಕಣ್ಣು ಮುಚ್ಚಿದರು.

ಸೊಸೆ ಮಣ್ಣು ನಾದಲು ಕೂತಳು. ಎರಡು ಸಲ ನಾದುವುದು, ತಲೆಯೆತ್ತಿ ಅವರ ಎದೆಯ ಮೇಲಿನ ಶಾಲು ಏರಿಳಿಯುತ್ತಿದೆಯೇ ಎಂದು ನೋಡುವುದು.